‘ಗೊತ್ತಾಗುತ್ತಿಲ್ಲ, ಇಡಲಾ?’

ನಿನ್ನೆ ಇಲ್ಲೇ ಫ್ರಾಂಕ್‌ಫರ್ಟಿನಲ್ಲಿ ಜರ್ಮನ್ ಕವಿ ಗಯಟೆಯ ‘ಫೌಸ್ಟ್’ ನಾಟಕ ನೋಡಿ ಬಂದೆ. ಸಿಟ್ಟಿನಲ್ಲಿ ಬರೆದು ಬೆಳಿಗ್ಗೆ ಅಳಿಸುವ ಗಿರಾಕಿ ನಾನು ಅಂತ ನಿಮಗೆಲ್ಲ ಗೊತ್ತು. ಅದಕ್ಕೇ ಮಲಗಿ ಎದ್ದು ಬರೆಯುತ್ತಿದ್ದೇನೆ. ಸಿಟ್ಟು ಹಾಗೇ ಇದೆ.

ಸಿಟ್ಟು ನಾಟಕದ ಮೇಲಲ್ಲ. ಜೊತೆಗೆ ನಮ್ಮ ಕಡೆಯ ಹಿರಿಯರೊಬ್ಬರು ಬಂದಿದ್ದರು, ಚೆನ್ನಾಗಿ ಓದಿಕೊಂಡವರು. ವಾಪಸ್ ಬರುವಾಗ ರೈಲಿನಲ್ಲಿ, "ಆ ಕೋಣೆಯ ದೃಶ್ಯ ನೋಡಿದ್ರಾ? ಎಂಥಾ ಒಳತೋಟಿ ರೀ ಫೌಸ್ಟ್‌ದು!" ಅಂದರು. ನಾನು ಹೂಂ ಅಂದೆ. ಹಿರಿಯರಲ್ವಾ.

ಆ ಒಳತೋಟಿ ಏನು ಅಂತ ಹೇಳಿಬಿಡುತ್ತೇನೆ. ಫೌಸ್ಟ್ ದೊಡ್ಡ ವಿದ್ವಾಂಸ. ಓದಿ ಓದಿ ಬೇಸತ್ತು ಸೈತಾನ ಮೆಫಿಸ್ಟೊ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ. ಮಾಟಗಾತಿಯ ಮದ್ದು ಕುಡಿದು ಪ್ರಾಯದವನಾಗಿದ್ದಾನೆ. ಬೀದಿಯಲ್ಲಿ ಗ್ರೆಚೆನ್ ಎಂಬ ಹುಡುಗಿ ಕಂಡಳು. ಮನೆತನಕ ಬರಲಾ ಅಂದ. ನನಗೆ ದಾರಿ ಗೊತ್ತು ಅನ್ನುವ ಹಾಗೆ ಕೊಸರಿಕೊಂಡು ಹೋದಳು. ತಕ್ಷಣ ಇವನು, ಆ ಹುಡುಗಿಯನ್ನು ನನಗೆ ಒದಗಿಸು ಅಂತ ಮೆಫಿಸ್ಟೊಗೆ ಹುಕುಂ ಮಾಡುತ್ತಾನೆ. ಈಗಷ್ಟೇ ಪಾದ್ರಿಯ ಮುಂದೆ ತಪ್ಪೊಪ್ಪಿಕೊಂಡು ಬಂದವಳು, ಅವಳ ಮೇಲೆ ನನ್ನ ಆಟ ನಡೆಯಲ್ಲ ಅಂತ ಸೈತಾನನೇ ಹಿಂಜರಿಯುತ್ತಾನೆ. ನಮ್ಮ ವಿದ್ವಾಂಸರ ಉತ್ತರ: ಹದಿನಾಲ್ಕು ದಾಟಿದೆಯಲ್ಲ!

ಸಂಜೆ ಅವಳಿಲ್ಲದ ಹೊತ್ತು ನೋಡಿ ಇಬ್ಬರೂ ಅವಳ ಕೋಣೆಗೆ ಹೋಗುತ್ತಾರೆ. ಫೌಸ್ಟ್ ಮಂಚದ ಪಕ್ಕದ ಚರ್ಮದ ಕುರ್ಚಿಯಲ್ಲಿ ಧೊಪ್ಪನೆ ಕೂರುತ್ತಾನೆ. ಮೇಜಿನ ಮೇಲೆ ಓರಣವಾಗಿ ಹಾಸಿದ ಬಟ್ಟೆ. ನೆಲಕ್ಕೆ ಹರಡಿದ ಮರಳಿನಲ್ಲೂ ಅವಳ ಕೈಯ ಅಚ್ಚುಕಟ್ಟು. (ನನಗೆ ನಮ್ಮ ಅಜ್ಜಿಯ ಅಂಗಳ ನೆನಪಾಯಿತು.) ಈ ಬಡತನದಲ್ಲಿ ಎಂಥಾ ತುಂಬುತನ ಅಂತ ಕರಗಿಹೋಗುತ್ತಾನೆ. ಕರಗುತ್ತಲೇ ಅವಳ ಮಂಚದ ಪರದೆ ಎತ್ತಿ ನೋಡುತ್ತಾನೆ! ಆಮೇಲೆ, ಇಲ್ಲಿ ನಿನಗೇನು ಕೆಲಸ ಅಂತ ತನ್ನನ್ನೇ ಬೈದುಕೊಳ್ಳುತ್ತಾನೆ. ಇನ್ನೆಂದೂ ಬರುವುದಿಲ್ಲ ಅನ್ನುತ್ತಾನೆ. ಅಷ್ಟರಲ್ಲಿ ಮೆಫಿಸ್ಟೊ ಒಡವೆ ಪೆಟ್ಟಿಗೆ ಮುಂದೆ ಹಿಡಿದ. ಫೌಸ್ಟ್ ಹೇಳುವುದು ಇಷ್ಟೇ: ಗೊತ್ತಾಗುತ್ತಿಲ್ಲ, ಇಡಲಾ?

ಪೆಟ್ಟಿಗೆ ಬೀರುವಿನೊಳಗೆ ಹೋಯಿತು. ಬೀಗ ಬಿತ್ತು. ಮುಗಿಯಿತು ಒಳತೋಟಿ.

ಮುಂದೆ ಕಾಡಿನ ಗುಹೆಯಲ್ಲಿ ಕೂತು, ಆಸೆಯಿಂದ ಸುಖಕ್ಕೆ ತೂರಾಡುತ್ತೇನೆ, ಸುಖದಲ್ಲಿದ್ದಾಗ ಆಸೆಗಾಗಿ ಸೊರಗುತ್ತೇನೆ ಅನ್ನುತ್ತಾನೆ. ಸಾಲು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಹೀಗೆ ಒದ್ದಾಡಿದ್ದಕ್ಕೆ ಅವನು ಕೈಬಿಟ್ಟದ್ದು ಒಂದಾದರೂ ಇದೆಯಾ? ಅಲ್ಲಿಂದಲೂ ಎದ್ದು ಸೀದಾ ಅವಳ ಹತ್ತಿರವೇ ಹೋಗುತ್ತಾನೆ.

‘ಗಯಟೆ ಅವನನ್ನು ಸಾಚಾ ಅಂತ ಎಲ್ಲಿ ತೋರಿಸಿದ?’ ಅಂತ ಕಾಮೆಂಟಿನಲ್ಲಿ ಬರುತ್ತೀರಿ, ಗೊತ್ತು. ತೋರಿಸಿಲ್ಲಪ್ಪ. ನನ್ನ ಜಗಳ ಗಯಟೆ ಜೊತೆ ಅಲ್ಲವೇ ಅಲ್ಲ. ಅದೇ ಕೋಣೆಯ ದೃಶ್ಯದಲ್ಲಿ ಗ್ರೆಚೆನ್ ದೀಪ ಹಿಡಿದು ಒಳಗೆ ಬಂದು, ಏನೋ ಧಗೆ, ಉಸಿರು ಕಟ್ಟುತ್ತಿದೆ ಅಂತ ಕಿಟಕಿ ತೆಗೆಯುತ್ತಾಳೆ. ಹೊರಗೆ ಅಷ್ಟೇನೂ ಸೆಖೆ ಇಲ್ಲ. ಯಾಕೋ ಮೈ ನಡುಗುತ್ತದೆ, ಅಮ್ಮ ಬೇಗ ಬರಬಾರದಾ ಅನ್ನಿಸುತ್ತದೆ. ಪೆಟ್ಟಿಗೆ ಸಿಕ್ಕಿದಾಗ ಅವಳಿಗೂ ಆಸೆಯೇ. ಹಾಕಿಕೊಂಡು ಕನ್ನಡಿ ನೋಡುತ್ತಾಳೆ, ಎಲ್ಲರೂ ಚಿನ್ನಕ್ಕೇ ಜೋತುಬೀಳುವುದು, ನಾವು ಬಡವರು ಅನ್ನುತ್ತಾಳೆ. ಒಳತೋಟಿ ಅಂದರೆ ಇದು. ಮುಂದೆ ಒಬ್ಬಳೇ ರಾಟೆಯ ಮುಂದೆ ಕೂತು, ನೆಮ್ಮದಿ ಹೋಯಿತು, ಎದೆ ಭಾರ ಅನ್ನುವುದಂತೂ ಸರಿಯೇ ಸರಿ. ಹಳೆಯ ಕರಡಿನಲ್ಲಿ ‘ನನ್ನ ಒಡಲು ಅವನತ್ತ ತುಡಿಯುತ್ತದೆ’ ಅಂದಿದ್ದವಳು ಅಚ್ಚಾಗುವ ಹೊತ್ತಿಗೆ ‘ನನ್ನ ಎದೆ’ ಅನ್ನುತ್ತಾಳೆ. ಅವಳ ಆಸೆಗೆ ಮಾತ್ರ ಸೆರಗು ಹೊದಿಸಬೇಕಾಯಿತು ನೋಡಿ. 1814ರಲ್ಲಿ ಈ ಹಾಡಿಗೆ ರಾಗ ಹಾಕಿದ ಶೂಬರ್ಟ್‌ಗೆ ಬರೀ 17 ವರ್ಷ. ಪಿಯಾನೋ ಉದ್ದಕ್ಕೂ ರಾಟೆಯ ಹಾಗೆ ತಿರುಗುತ್ತಿರುತ್ತದೆ. ಅವಳಿಗೆ ಫೌಸ್ಟ್‌ನ ಮುತ್ತು ನೆನಪಾದಾಗ ಟಕ್ಕನೆ ನಿಲ್ಲುತ್ತದೆ. ಆಮೇಲೆ ತಡವರಿಸಿ ತಡವರಿಸಿ ಮತ್ತೆ ಶುರುವಾಗುತ್ತದೆ. ಆ ಹದಿನೇಳರ ಹುಡುಗನಿಗೆ ಕೇಳಿಸಿದ್ದು ನಮ್ಮ ಹಿರಿಯರಿಗೆ ಕೇಳಿಸಲಿಲ್ಲ.

ಅವಳ ಒದ್ದಾಟಕ್ಕೆ ಬಿದ್ದ ಬಿಲ್ಲು: ಅಮ್ಮ ಸತ್ತಳು, ಅಣ್ಣ ಸತ್ತ, ಹೆತ್ತ ಕೂಸನ್ನು ತಾನೇ ನೀರಿಗೆ ಹಾಕಿದಳು, ಜೈಲು. ಇದು ಬರೀ ಕಲ್ಪನೆಯೂ ಅಲ್ಲ. ಸುಸಾನಾ ಮಾರ್ಗರೆಟಾ ಬ್ರಾಂಟ್ ಎಂಬ ಕೆಲಸದ ಹುಡುಗಿಯನ್ನು ಶಿಶುಹತ್ಯೆಗಾಗಿ 1772ರ ಜನವರಿ 14ರಂದು ಇದೇ ಊರಿನಲ್ಲಿ ತಲೆ ಕಡಿದು ಕೊಂದರು. ಆಗ ಗಯಟೆ ಇಲ್ಲೇ ವಕೀಲ. ನಿನ್ನೆ ನಾವು ಫೌಸ್ಟ್‌ನ ಒಳತೋಟಿಯನ್ನು ಹೊಗಳುತ್ತಾ ರೈಲು ಹತ್ತಿದ್ದೂ ಇದೇ ಊರಿನಲ್ಲಿ.

ಇಷ್ಟೊಂದು ಉರಿ ಯಾಕೆ ಅಂತೀರಾ? ಪಿಯುಸಿಯಲ್ಲಿದ್ದಾಗ ಅಕ್ಕನ ಟ್ರಂಕು ತೆಗೆದು ಅವಳಿಗೆ ಬಂದಿದ್ದ ಕಾಗದ ಓದಿದ್ದೆ. ಓದಿ ಅತ್ತಿದ್ದೆ. ಎಂಥಾ ಮೃದು ಮನಸ್ಸು ನನ್ನದು ಅಂತ ನನಗೇ ಮೆಚ್ಚುಗೆಯಾಗಿತ್ತು. ಹೇಳಲೋ ಬೇಡವೋ ಅಂತ ಎರಡು ದಿನ ಊಟ ಸರಿಯಾಗಿ ಸೇರಲಿಲ್ಲ. ಮೂರನೇ ದಿನ ಅಮ್ಮನಿಗೆ ಹೇಳಿದೆ.

ಅಕ್ಕ, ಇದನ್ನು ಓದಿದರೆ ಸುಮ್ನೆ ಲೈಕ್ ಒತ್ತಿ ಹೋಗಬೇಡ. ಫೋನ್ ಮಾಡಿ ಬೈಯಿ.