ಬರಿದಾಗಿಯೇ ಉಳಿಸಿದ ಮನೆ

ಅಮೆರಿಕದ ಲೂಸಿಯಾನಾದಲ್ಲಿ ಮದುವೆ ಸಮಾರಂಭಗಳಿಗೆ ಹೆಸರಾಗಿದ್ದ ನಾಟೊವೇ ಎಂಬ ಹಳೆಯ ತೋಟದ ಬಂಗಲೆ 2025ರ ಮೇ ತಿಂಗಳಿನಲ್ಲಿ ಸುಟ್ಟುಹೋದಾಗ, ಪರಂಪರೆಯೇ ನಾಶವಾಯಿತೆಂದು ಕೆಲವರು ಮರುಗಿದರೆ, ಗುಲಾಮರನ್ನು ದುಡಿಸಿಕೊಂಡು ಮೆರೆದ ಮನೆ ಬೂದಿಯಾದದ್ದೇ ಸರಿ ಎಂದು ಇನ್ನು ಕೆಲವರು ಹೇಳಿದರು. ಆ ವಾಗ್ವಾದವನ್ನು ಓದುವಾಗ ನನಗೆ ನೆನಪಾದದ್ದು ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ಸಮೀಪ, ಆಶ್ಲಿ ನದಿಯ ದಡದಲ್ಲಿರುವ ಡ್ರೇಟನ್ ಹಾಲ್ ಎಂಬ ಇನ್ನೊಂದು ಹಳೆಯ ತೋಟದ ಬಂಗಲೆ.

ಜಾನ್ ಡ್ರೇಟನ್ ಆ ಜಮೀನನ್ನು ಕೊಂಡದ್ದು 1738ರಲ್ಲಿ. ಭತ್ತದ ಬೆಳೆಯಿಂದ, ಕೆಲವೇ ವರ್ಷಗಳಲ್ಲಿ ನೀಲಿ ಬಣ್ಣ ಕೊಡುವ ಗಿಡದ ಬೆಳೆಯಿಂದಲೂ, ಆ ಸೀಮೆಯ ಜಮೀನುದಾರರು ಸಿರಿವಂತರಾಗುತ್ತಿದ್ದ ಕಾಲವದು. ಬೆವರು ಮಾತ್ರ ಆಫ್ರಿಕಾದಿಂದ ಹಿಡಿದು ತಂದವರದ್ದು. ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೊನ ಶೈಲಿಯನ್ನು ಅನುಸರಿಸಿ, ಎರಡು ಅಂತಸ್ತಿನ ಕಂಬಸಾಲಿನ ಮೊಗಸಾಲೆಯೊಡನೆ ಎದ್ದ ಆ ಇಟ್ಟಿಗೆಯ ಮನೆ ಸ್ವಾತಂತ್ರ್ಯ ಸಮರ, ಅಂತರ್ಯುದ್ಧಗಳೆರಡನ್ನೂ ದಾಟಿ ಉಳಿಯಿತು. ಅಕ್ಕಪಕ್ಕದ ಕಟ್ಟಡಗಳಿಗೆ ಆ ಭಾಗ್ಯವಿರಲಿಲ್ಲ: ಒಂದನ್ನು 1886ರ ಭೂಕಂಪ ಕೆಡವಿತು, ಇನ್ನೊಂದನ್ನು 1893ರ ಚಂಡಮಾರುತ.

ಏಳು ತಲೆಮಾರುಗಳ ಬಳಿಕ, 1974ರಲ್ಲಿ, ಆ ಕುಟುಂಬ ಮನೆಯನ್ನು ಅಮೆರಿಕದ ರಾಷ್ಟ್ರೀಯ ಪರಂಪರೆ ಸಂರಕ್ಷಣಾ ಟ್ರಸ್ಟ್ ಮತ್ತು ರಾಜ್ಯ ಸರ್ಕಾರಕ್ಕೆ ಮಾರಿತು. ಆಗ ಕೈಗೊಂಡ ತೀರ್ಮಾನ ನನಗೆ ಬಹಳ ಹಿಡಿಸಿದೆ. ಯಾವುದೋ ಒಂದು ವೈಭವದ ಕಾಲಕ್ಕೆ ಮನೆಯನ್ನು ಹಿಂದಿರುಗಿಸಿ, ಕುರ್ಚಿ ಮೇಜು ತುಂಬಿ, ಪರದೆ ಕಟ್ಟಿ ತೋರಿಸುವ ಬದಲು, ಕೈಗೆ ಬಂದ ಸ್ಥಿತಿಯಲ್ಲಿಯೇ ಅದು ಬೀಳದಂತೆ ಕಾಯುವುದೆಂದು ನಿರ್ಧರಿಸಿದರು. ಕೋಣೆಗಳು ಇಂದಿಗೂ ಬರಿದಾಗಿವೆ. ಬಾಗಿಲ ಚೌಕಟ್ಟಿನ ಮೇಲೆ ಮನೆಯ ಮಕ್ಕಳ ಎತ್ತರವನ್ನು ಗುರುತಿಸಿದ ಗೆರೆಗಳೂ ಹಾಗೆಯೇ ಇವೆ. ಯಾರಾದರೂ ಹೊಸ ಬಣ್ಣ ಬಳಿದಿದ್ದರೆ ಮೊದಲು ಅಳಿಸಿಹೋಗುತ್ತಿದ್ದುದು ಅವೇ.

ಆದರೂ ಈ ಧೋರಣೆಯ ಬಗ್ಗೆ ನನಗೊಂದು ತಕರಾರಿದೆ. ಇದ್ದದ್ದನ್ನು ಇದ್ದಂತೆ ಉಳಿಸುತ್ತೇವೆ ಎನ್ನುವಾಗ, ಉಳಿಯುವಷ್ಟು ಗಟ್ಟಿಯಾಗಿ ಕಟ್ಟಿಸಿಕೊಳ್ಳಲು ಯಾರಿಂದ ಸಾಧ್ಯವಿತ್ತು ಎಂಬುದನ್ನು ಮರೆಯುತ್ತೇವೆ. ಯಜಮಾನನದು ಇಟ್ಟಿಗೆಯ ಮನೆ, ಅದು ನಿಂತಿದೆ. ದುಡಿದವರ ಗುಡಿಸಲುಗಳು ಹೋಗಿವೆ. ಅವರದೆಂದು ನೆಲದ ಮೇಲೆ ಉಳಿದಿರುವುದು ಮರಗಳ ನಡುವಿನ ಸ್ಮಶಾನ. ಗುಲಾಮರ ವಂಶದಲ್ಲಿ ಹುಟ್ಟಿ ಆ ಎಸ್ಟೇಟಿನಲ್ಲಿಯೇ ಬೆಳೆದ ರಿಚ್ಮಂಡ್ ಬೋವೆನ್ಸ್, ಅದನ್ನು ಸಿಂಗರಿಸದೆ ಕಾಡಿನಂತೆಯೇ ಬಿಡಬೇಕೆಂದು ಬಯಸಿದ್ದರು. ಅದರ ಕಮಾನಿನ ಮೇಲೆ ‘ಅವರು ವಿಶ್ರಮಿಸಲಿ ಬಿಡಿ’ ಎಂಬರ್ಥದ ಅವರ ಮಾತಿದೆ. ನನ್ನನ್ನು ಕೇಳಿದರೆ, ಪ್ರವಾಸಿಗರು ಮೊದಲು ಆ ಕಮಾನಿನ ಬಳಿ ಸ್ವಲ್ಪ ಹೊತ್ತು ನಿಂತು, ಕೆತ್ತನೆಯ ಚಾವಣಿಯನ್ನು ನೋಡಲು ಆಮೇಲೆ ಮನೆಯೊಳಗೆ ಹೋಗಬೇಕು.