ಗಾಡಿ ಅಂದ್ರೆ ಎರಡೇ ಕಣಪ್ಪಾ

ಮೊನ್ನೆ ಭಾನುವಾರ ಬೆಳಗ್ಗೆ ಏಳು ಗಂಟೆಗೆ, ಮೈಸೂರು ಸಿಲ್ಕ್ ಉಟ್ಟ ಮೂರು ಜನ ಹೆಂಗಸರನ್ನು ಕೂರಿಸಿಕೊಂಡು ಕಾರಿನ ಕೀ ತಿರುಗಿಸಿದೆ. 'ಟಕ್' ಅಂತು. ಅಷ್ಟೇ. ಇನ್ನೊಂದು ಸಲ ತಿರುಗಿಸಿದೆ. ಇನ್ನೊಂದು 'ಟಕ್'. ಒಂಬತ್ತಕ್ಕೆ ನಂಜನಗೂಡಿನಲ್ಲಿ ನಾದಿನಿ ಮಗನ ಮುಂಜಿ. ಪಕ್ಕದಲ್ಲಿದ್ದ ಹೆಂಡತಿ ನಿಟ್ಟುಸಿರು ಬಿಟ್ಟಳು. ಹಿಂದಿನ ಸೀಟಿನಲ್ಲಿದ್ದ ಅತ್ತೆ ಏನೂ ಮಾತಾಡಲಿಲ್ಲ. ಮಾತಾಡಿದ್ದರೇ ವಾಸಿ ಇತ್ತು.

ಕಾರು ಪ್ರೀಮಿಯರ್ ಪದ್ಮಿನಿ, 1984ರದ್ದು. ಅಪ್ಪ ಬುಕ್ ಮಾಡಿ, ವರ್ಷಗಟ್ಟಲೆ ಕಾದು ಮನೆಗೆ ತಂದದ್ದು. ಆ ಹೊತ್ತಿಗಾಗಲೇ ಪದ್ಮಿನಿ ಅಂತ ಹೆಸರಾಗಿ ಹತ್ತು ವರ್ಷ ಆಗಿತ್ತು, ಆದರೂ ನಮ್ಮ ಬೀದಿಗೆ ಅದು ಇವತ್ತಿಗೂ ಫಿಯೆಟ್ಟೇ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ಬಿಟ್ಟವಲ್ಲ, ಆ ಸುದ್ದಿಯನ್ನು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಏಳು ಜನ ಹಾಕಿದರು. ಸುದ್ದಿ ಅಂತ ಹಾಕಿದ್ದಲ್ಲ. ನನಗೆ ಅರ್ಥವಾಗಲಿ ಅಂತ.

ಆದರೆ ಹೋದ ವಾರವಷ್ಟೇ ನಾನು ಇಡೀ ದಿನ ಕೂತು, ವಿಡಿಯೋ ನೋಡಿಕೊಂಡು, ಬಾನೆಟ್ ಒಳಗೆಲ್ಲ ತೊಳೆದು, ತುಕ್ಕು ಕೆರೆದು, ಕಪ್ಪು ಬಣ್ಣ ಹೊಡೆದು ಮಿರಮಿರ ಮಾಡಿದ್ದೆ. ಅಷ್ಟು ಸೇವೆ ಮಾಡಿಸಿಕೊಂಡ ಗಾಡಿ ಹೀಗೆ ಕೈ ಕೊಡಬಹುದಾ?

ಮೂರನೇ 'ಟಕ್'ಗೆ ಎದುರು ಮನೆ ರಾಯರು ಕಾಂಪೌಂಡಿಗೆ ಬಂದರು. ಕೈಯಲ್ಲಿ ಕಾಫಿ ಲೋಟ. ನನ್ನ ಗಾಡಿ ಸ್ಟಾರ್ಟ್ ಆಗದ ದಿನ ರಾಯರ ಕಾಫಿ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ಇದ್ದವರು. ಲೆಕ್ಕಪತ್ರದ ವಿಭಾಗದಲ್ಲಿ.

"ಏನಪ್ಪಾ, ಸ್ಟಾರ್ಟ್ ಆಗ್ತಿಲ್ವಾ?"

ಇಲ್ಲ ರಾಯರೇ, ಮನೆ ಮುಂದೆ ಕೂತು ಸುಮ್ನೆ ಕೀ ತಿರುಗಿಸೋದು ಅಂದ್ರೆ ನಂಗೆ ಇಷ್ಟ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ. ಅವರು ಎಡಗೈಯಿಂದ ಎರಡು ಬೆರಳು ಎತ್ತಿದರು. ಈ ಎರಡು ಬೆರಳನ್ನು ನಾನು ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ.

"ಗಾಡಿ ಅಂದ್ರೆ ಎರಡೇ ಕಣಪ್ಪಾ. ಕರೆಂಟು, ಪೆಟ್ರೋಲು. ಕರೆಂಟ್ ಬರ್ತಿದೆಯಾ?"

ಹೆಡ್‌ಲೈಟ್ ಹಾಕಿ ತೋರಿಸಿದೆ. ಎದುರು ಗೋಡೆ ಬೆಳಗಿತು. ಹಾರ್ನ್ ಹೊಡೆದೆ. ಬೀದಿ ಕೊನೆಯ ನಾಯಿ ಎದ್ದು ಬೊಗಳಿತು. ಬ್ಯಾಟರಿ ಟರ್ಮಿನಲ್ ಮೇಲೆ ಬೆಳ್ಳಗೆ ಹೂವು ಬಿಟ್ಟಿರಬಹುದು ಅಂತ ನೋಡಿದರೆ ಅದೂ ಇಲ್ಲ, ಬಿಸಿನೀರು ಹುಯ್ದು ವ್ಯಾಸಲೀನ್ ಹಚ್ಚಿ ನಾನೇ ಥಳಥಳ ಮಾಡಿಟ್ಟಿದ್ದೆ. ರಾಯರು ಒಂದು ಬೆರಳು ಮಡಚಿದರು.

"ಹಾಗಾದ್ರೆ ಪೆಟ್ರೋಲು."

ಎಂಜಿನ್ ತಿರುಗುತ್ತಲೇ ಇಲ್ಲ, ಪೆಟ್ರೋಲ್ ಬಂದು ಏನು ಮಾಡಬೇಕು ಅಂತ ಈಗ ಹೊಳೆಯುತ್ತಿದೆ. ಆಗ ಹೊಳೆಯಲಿಲ್ಲ. ಮುಹೂರ್ತ ಹತ್ತಿರ ಬಂದಾಗ ಎರಡು ಬೆರಳು ಎತ್ತಿದವರ ಮಾತನ್ನು ಯಾರಾದರೂ ಕೇಳುತ್ತಾರೆ. ಪಂಪಿನ ಪೈಪ್ ಬಿಚ್ಚಿದೆ. "ಬಾಯಲ್ಲಿ ಎಳಿ" ಅಂದರು. ಎಳೆದೆ. ಪೆಟ್ರೋಲ್ ಧಾರಾಳವಾಗಿ ಬರುತ್ತಿತ್ತು, ನೇರ ಗಂಟಲಿಗೇ ಬಂತು. ಉಗಿದು, ಬಾಯಿ ಮುಕ್ಕಳಿಸಿ, ಪ್ಲಗ್ ನಾಲ್ಕೂ ಬಿಚ್ಚಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟಿಗೆ ಎಮರಿ ಪೇಪರ್ ಆಡಿಸಿ, ಎಲ್ಲ ವಾಪಸ್ ಹಾಕುವಷ್ಟರಲ್ಲಿ ಎಂಟು ಗಂಟೆ. ಕೀ ತಿರುಗಿಸಿದೆ. ಟಕ್.

ಚೋಕ್ ಎಳೆಯೋಣ ಅಂತ ಗುಂಡಿ ಹಿಡಿದೆ, ಕೈ ಚುರ್ ಅಂತು. ಚೋಕ್ ಯಾಕೆ ಬಿಸಿಯಾಗಬೇಕು? ಇನ್ನೊಂದು ಸಲ ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡ್ ಕೆಳಗಿನಿಂದ ಸಣ್ಣಗೆ ಹೊಗೆ ಬಂತು. "ಯಾರೋ ಹಪ್ಪಳ ಸುಡ್ತಿದ್ದಾರೆ ಅನ್ಸುತ್ತೆ" ಅಂದರು ಅತ್ತೆಯ ತಂಗಿ, ಹಿಂದಿನ ಸೀಟಿನಿಂದ. ಅವರಿಗೆ ಆಗಲೇ ಹಸಿವಾಗಿತ್ತು.

ಉಳಿದದ್ದು ತಳ್ಳುವುದೊಂದೇ. ಪೇಪರ್ ಹಾಕುವ ಹುಡುಗ, ಹಾಲು ತರಲು ಹೊರಟಿದ್ದ ಇಬ್ಬರು, ವಾಕಿಂಗ್ ಮುಗಿಸಿ ಬರುತ್ತಿದ್ದ ಒಬ್ಬರು ಸಿಕ್ಕರು. ಅತ್ತೆ ಇಳಿಯಲ್ಲ ಅಂದರು, ನೆರಿಗೆ ಹಾಳಾಗುತ್ತಂತೆ. ಮೂರೂ ಜನರ ಸಮೇತ ತಳ್ಳಿದರು. ರಾಯರು ತಳ್ಳಲಿಲ್ಲ. ಲೋಟ ಹಿಡಿದು ಪಕ್ಕದಲ್ಲೇ ನಡೆಯುತ್ತಾ "ಹಾಂ, ಈಗ ಬಿಡು ಕ್ಲಚ್ಚು" ಅಂತ ಹೇಳುತ್ತಾ ಬಂದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ಬುಡುಬುಡು ಅಂತ ಎದ್ದೇಬಿಟ್ಟಿತು! ಕನ್ನಡಿಯಲ್ಲಿ ನೋಡಿದರೆ ರಾಯರು ತಾವೇ ರಿಪೇರಿ ಮಾಡಿದವರ ಹಾಗೆ ಲೋಟ ಎತ್ತಿ ಬೀಳ್ಕೊಡುತ್ತಿದ್ದರು.

ಸಂತೋಷ ಎರಡು ಕಿಲೋಮೀಟರ್ ಬಾಳಿತು. ಪೆಟ್ರೋಲ್ ಮುಳ್ಳು ತಳದಲ್ಲಿತ್ತು, ಇದ್ದ ಸ್ವಲ್ಪದಲ್ಲಿ ಒಂದು ಗುಟುಕು ನನ್ನ ಹೊಟ್ಟೆಯಲ್ಲಿತ್ತು. ಬಂಕಿಗೆ ನುಗ್ಗಿಸಿದೆ. "ಎಂಜಿನ್ ಆಫ್ ಮಾಡಿ ಸಾರ್" ಅಂದ ಹುಡುಗ. ಅವನದು ತಪ್ಪಿಲ್ಲ, ಬಂಕಿನಲ್ಲಿ ಆಫ್ ಮಾಡಲೇಬೇಕು. ಆದರೂ ನಾನು ಅವನ ಮುಂದೆ ಆಡಿದಷ್ಟು ನಯದ ಮಾತನ್ನು ಮದುವೆಗೆ ಮುಂಚೆ ಮಾವನವರ ಮುಂದೆಯೂ ಆಡಿರಲಿಲ್ಲ. ಅವನು ಕರಗಲಿಲ್ಲ. ಆಫ್ ಮಾಡಿದೆ. ಆ ನಿಶ್ಶಬ್ದದಲ್ಲಿ ಅತ್ತೆ ಕೊನೆಗೂ ಬಾಯಿಬಿಟ್ಟರು: "ಬಸ್ ಸ್ಟ್ಯಾಂಡ್ ಇಲ್ಲಿಂದ ಎಷ್ಟು ದೂರ?"

ಮತ್ತೆ ತಳ್ಳು. ಮುಂಜಿ ಮನೆ ಮುಂದೆ ಇಳಿಜಾರು ಹುಡುಕುತ್ತಾ ಮೂರು ಸುತ್ತು. ಹಳೇ ಗಾಡಿ ಇಟ್ಟುಕೊಂಡವರಿಗೆ ಊರಿನ ಹೋಟೆಲು, ದೇವಸ್ಥಾನ ಗೊತ್ತಿಲ್ಲದಿದ್ದರೂ ಇಳಿಜಾರು ಗೊತ್ತಿರುತ್ತದೆ, ಆದರೆ ಅದು ನಮ್ಮ ಊರಲ್ಲ ನೋಡಿ. ಒಳಗೆ ಹೋಗಿ ಷಡ್ಕನನ್ನು ತಬ್ಬಿಕೊಂಡರೆ ಅವನು ಮೂಗು ಅರಳಿಸಿ, ಮೆಲ್ಲಗೆ "ಬೆಳಗ್ಗೇನೇ ಶುರುವಾ ಭಾವ?" ಅಂದ. ಊಟ ಆದ ಮೇಲೆ ತಳ್ಳಲು ಜನ ಕರೆದೆ. ಮೂರು ಹೋಳಿಗೆ ಹೊಡೆದವರು ಬಗ್ಗುವುದುಂಟೇ? ಅಡುಗೆಯವರೇ ಬಂದು ತಳ್ಳಿದರು.

ಅಪ್ಪ ಇದ್ದಾಗ ಹೀಗೆ ಆಗುತ್ತಿರಲಿಲ್ಲ ಅಂತ ಹೇಳಲಾರೆ. ಆಗುತ್ತಿತ್ತು. ಊಟಿಗೆ ಹೋಗುವಾಗ ಘಾಟಿಯಲ್ಲಿ ಎಂಜಿನ್ ಕಾದು, ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಗಾಡಿ ನಿಲ್ಲುತ್ತಿತ್ತು. ಅಪ್ಪ ಡಿಕ್ಕಿಯಿಂದ ಹಳೇ ಟವೆಲ್ ತೆಗೆದು, ನೀರಲ್ಲಿ ಅದ್ದಿ, ಜ್ವರ ಬಂದ ಮಗುವಿನ ಹಣೆಗೆ ಹಾಕುವ ಹಾಗೆ ಪಂಪಿನ ಮೇಲೆ ಹಾಕಿ, ಕಲ್ಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ನಮಗೆ ತೊಳೆ ಕೊಡುತ್ತಿದ್ದರು. ಯಾರಿಗೂ ಅವಸರ ಇರಲಿಲ್ಲ. ಆ ಟವೆಲ್ ಈಗಲೂ ಡಿಕ್ಕಿಯಲ್ಲಿದೆ. ಒಗೆಯಲು ಕೊಟ್ಟಿಲ್ಲ.

ಸೋಮವಾರ ನಮ್ಮ ಮೆಕ್ಯಾನಿಕ್ ಬಂದ. ಬಾನೆಟ್ ಎತ್ತಿದ, ನನ್ನ ಬಣ್ಣದ ಕೆಲಸ ನೋಡಿ ನಕ್ಕ, ಎಂಜಿನ್‌ನಿಂದ ಬಾಡಿಗೆ ಬರುವ ಹೆಣೆದ ತಂತಿಯ ಪಟ್ಟಿಯನ್ನು ಬೆರಳಿನಿಂದ ಅಲ್ಲಾಡಿಸಿದ.

"ಅರ್ಥ್ ಇಲ್ಲ ಸಾರ್ ನಿಮ್ ಗಾಡಿಗೆ."

"ಹತ್ತು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೀನಿ" ಅಂತ ಅಡುಗೆ ಮನೆಯಿಂದ ಹೆಂಡತಿಯ ದನಿ ಬಂತು.

ಆಗಿದ್ದಿಷ್ಟು. ಆ ಪಟ್ಟಿ ಕೂರುವ ಜಾಗಕ್ಕೂ ನಾನು ಚೆಂದವಾಗಿ ಕಪ್ಪು ಬಣ್ಣ ಬಳಿದು, ಮೇಲೆ ಬೋಲ್ಟ್ ಹಾಕಿದ್ದೆ. ಬಣ್ಣದ ಮೂಲಕ ಕರೆಂಟ್ ಹೋಗುವುದಿಲ್ಲ. ಲೈಟು, ಹಾರ್ನಿಗೆ ಬಾಡಿಯಿಂದಲೇ ಅರ್ಥ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಸಿಗುತ್ತದೆ, ಅವು ಚೆನ್ನಾಗೇ ಇದ್ದವು. ಸ್ಟಾರ್ಟರ್ ಮೋಟರು ಎಂಜಿನ್ ಮೇಲಿದೆ, ಅದು ಎಳೆಯುವುದು 100 ಆಂಪಿಯರ್‌ಗೂ ಜಾಸ್ತಿ. ಅಷ್ಟೂ ಕರೆಂಟು ವಾಪಸ್ ಹೋಗಲು ದಾರಿ ಹುಡುಕಿ, ಎಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಇರುವ ಬಡಪಾಯಿ ಚೋಕ್ ಕೇಬಲ್ ಮೇಲೆ ಬಿದ್ದಿತ್ತು. ಹಪ್ಪಳ ಅದೇ. ತಳ್ಳಿದರೆ ಸ್ಟಾರ್ಟರ್ ಬೇಕಿಲ್ಲ, ಕಿಡಿಗೆ ಬೇಕಾದ ಚೂರು ಕರೆಂಟಿಗೆ ಆ ಕೇಬಲ್ಲೇ ಸಾಕು. ಮೆಕ್ಯಾನಿಕ್ ಸ್ಕ್ರೂಡ್ರೈವರ್‌ನಿಂದ ಬಣ್ಣ ಕೆರೆದು, ಬೋಲ್ಟ್ ಬಿಗಿ ಮಾಡಿದ. ಅರ್ಧ ಸುತ್ತಿಗೆ ಸ್ಟಾರ್ಟ್. ಐದು ನಿಮಿಷ, ಇನ್ನೂರು ರೂಪಾಯಿ.

ಸದ್ದು ಕೇಳಿ ರಾಯರು ಲೋಟದ ಸಮೇತ ಬಂದರು. ಈ ಸಲ ಬಿಡಬಾರದು ಅಂತ ನಾನೇ ರಸ್ತೆ ದಾಟಿ ಹೋದೆ.

"ಕರೆಂಟೂ ಇತ್ತು, ಪೆಟ್ರೋಲೂ ಇತ್ತು ರಾಯರೇ. ಅರ್ಥ್ ಇರಲಿಲ್ಲ. ಮೂರನೇದು!"

ರಾಯರು ಲೋಟವನ್ನು ಕಾಂಪೌಂಡ್ ಮೇಲಿಟ್ಟರು. ಎರಡು ಬೆರಳು ಎತ್ತಿದರು. ನಿಧಾನವಾಗಿ ಒಂದನ್ನು ಮಡಚಿದರು.

"ಅರ್ಥ್ ಅಂದ್ರೆ ಏನು? ಕರೆಂಟಾ, ಪೆಟ್ರೋಲಾ?"

"...ಕರೆಂಟು."

"ಮೊನ್ನೆ ನಾನು ಮೊದಲು ಏನು ಕೇಳ್ದೆ?"