ಪೆಟ್ಟಿಗೆಯೊಳಗೆ ಏನಿದೆ ಅನ್ನೋ ಪಟ್ಟಿ ನೀವೇ ಬರೀರಿ, ಪ್ಯಾಕರ್ಸ್‌ನವರ ಕೈಗೆ ಬಿಡಬೇಡಿ

ನಮ್ಮ ತಂಗಿ ಮನೆಯವರು ಶಿರಸಿ ಬಿಟ್ಟು ಮೆಲ್ಬರ್ನ್‌ಗೆ ಹೋದ್ರು. ಮನೆ ಸಾಮಾನೆಲ್ಲ ಹಡಗಲ್ಲಿ ಹಿಂದಿಂದ ಹೋಯ್ತು. ಅಲ್ಲಿ ತಲುಪಿದ ಮೇಲೆ ತಪಾಸಣೆ ಅಧಿಕಾರಿಗಳು ಎರಡು ಪೆಟ್ಟಿಗೆ ಒಡೆದು ನೋಡಿದ್ರು, ಒಂದಿಷ್ಟು ಸಾಮಾನು ಒಳಗೆ ಬಿಡಲಿಕ್ಕೆ ಆಗೋದಿಲ್ಲ ಅಂದ್ರು, ಅದನ್ನ ನಾಶ ಮಾಡೋ ಖರ್ಚು, ತಪಾಸಣೆ ಖರ್ಚು ಎಲ್ಲ ಅವಳ ಹತ್ರನೇ ಕಟ್ಟಿಸ್ಕೊಂಡ್ರು. ಅವತ್ತು ಫೋನಲ್ಲಿ ಅವಳು ಅತ್ತಿದ್ದು ದುಡ್ಡಿಗಲ್ಲ, ಆಯಿ (ನಮ್ಮಮ್ಮ) ಕೈಯಾರೆ ಕಟ್ಟಿಕೊಟ್ಟಿದ್ದು ಹೋಯ್ತಲ್ಲ ಅಂತ. ಆಮೇಲೆ ನಮ್ಮ ಕಡೆಯವರೇ ಮೂರ್ನಾಲ್ಕು ಜನ ನಂಗೆ ಫೋನ್ ಮಾಡಿ ಕೇಳಿದ್ರು, ಹಂಗಾಗಿ ಇಲ್ಲೇ ಬರೆದು ಬಿಡೋಣ ಅನ್ನಿಸ್ತು, ಸ್ವಲ್ಪ ಉದ್ದ ಆಗ್ತದೆ, ಓದಿ.

ಆಗಿದ್ದು ಏನಂದ್ರೆ, ಜುಲೈ ತಿಂಗಳು, ಜಡಿಮಳೆ, ಪ್ಯಾಕರ್ಸ್ ಹುಡುಗರು ನಾಲ್ಕು ಜನ ಬಂದ್ರು, ಒಂದೇ ದಿನದಲ್ಲಿ ಇಡೀ ಮನೆ ಕಟ್ಟಿ ಮುಗಿಸಿದ್ರು. ಪಟ್ಟಿಯಲ್ಲಿ ಹನ್ನೊಂದು ಪೆಟ್ಟಿಗೆಗೆ ಒಂದೇ ಮಾತು, ‘ಬಳಸಿದ ಅಡುಗೆ ಸಾಮಾನು’. ಮಧ್ಯ ಆಯಿ ಬಂದು ಕುಕ್ಕರ್ ಒಳಗೆ ಒಂದು ಸ್ಟೀಲ್ ಡಬ್ಬಿ ಇಟ್ಳು, ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಒಂದು ಚೀಲ ತೊಗರಿಬೇಳೆ. ತಂಗಿ ಬೇಡ ಅಂದ್ಲು. "ಎಂತೂ ಆಗ್ತಿಲ್ಲೆ ತಗ, ಮನೆ ಮೆಣಸಿಗೆ ಯಾರು ಕೇಳ್ತ" ಅಂದ್ಳು ಆಯಿ. ಆಯಿದು ತಪ್ಪಲ್ಲ, ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ಪ್ಯಾಕರ್ಸ್ ಸೂಪರ್‌ವೈಸರ್ರೇ "ಹಾಕಿ ಅಮ್ಮಾ, ನಾವು ನೋಡ್ಕೋತೇವೆ" ಅಂದ. ನಂಗೆ ಸಿಟ್ಟಿರೋದು ಆ ಮಾತಿಗೆ. ಯಾಕಂದ್ರೆ ಅಲ್ಲಿ ಕೊಡೋ ಫಾರ್ಮ್‌ಗೆ (ಆಸ್ಟ್ರೇಲಿಯಾಕ್ಕೆ ಬಿ534 ಅಂತ ಒಂದು ಫಾರ್ಮ್ ಇದೆ, ನಾವು ಬರೋಕೆ ಮುಂಚೆ ಅಥ್ವಾ ಆಮೇಲೆ ಬೇರೆಯಾಗಿ ಬರೋ ಮನೆ ಸಾಮಾನಿಗೆ) ಸಹಿ ಹಾಕೋದು ಅವನಲ್ಲ, ನೀವು. ಒಳಗೆ ಏನಿದೆ ಅಂತ ನಿಮಗೆ ಗೊತ್ತಿಲ್ಲದೆ ಸಹಿ ಹಾಕಿದ್ರೆ ಸುಳ್ಳು ಹೇಳಿದಂಗೇ ಲೆಕ್ಕ.

ಮೆಣಸು ಜೀರಿಗೆಗೆ ಯಾಕಿಷ್ಟು ಅಂತ ನಾನೂ ಮೊದಲು ಬೈದೆ. ಆಮೇಲೆ ಓದಿದೆ. ಖಾಪ್ರಾ ಅಂತ ಒಂದು ಕಾಳು ತಿನ್ನೋ ಹುಳ ಇದೆ, ಮೂಲ ನಮ್ಮ ಭಾರತದ್ದೇ, ಅದರ ಮರಿಹುಳ ಆಹಾರ ಇಲ್ಲದೆ ಸಂದಿಯಲ್ಲಿ ವರ್ಷಗಟ್ಟಲೆ ಬದುಕ್ತದೆ. 2020ರಲ್ಲಿ ಕ್ಯಾನ್‌ಬೆರಾದಲ್ಲಿ ಹೊರಗಿಂದ ಬಂದ ಫ್ರಿಜ್‌ಗಳಲ್ಲಿ ಸಿಕ್ಕಿತ್ತು, ಫ್ರಿಜ್ಜಲ್ಲಿ! ಅದೇ ವರ್ಷದಿಂದ ಮನೆ ಸಾಮಾನಿನ ಜೊತೆ ಅಕ್ಕಿ, ಕಡಲೆ, ಹೆಸರು, ತೊಗರಿ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸು, ಶೇಂಗಾ ಇದೆಲ್ಲ ಅಲ್ಲಿಗೆ ತರೋ ಹಂಗಿಲ್ಲ. ಗೋಧಿ ಬೆಳೆದು ಹೊರಗೆ ಮಾರೋ ದೇಶ ಅದು. ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟ ಹಳದಿಯಾಗಿ ನಿಂತಿದ್ದನ್ನ ನಾವು ಕಣ್ಣಾರೆ ನೋಡಿದವರು, ಇನ್ನೊಬ್ಬರ ಹೊಲಕ್ಕೆ ನಮ್ಮ ಡಬ್ಬಿಯಿಂದ ಹುಳ ಹೋಗಬಾರದು ಅನ್ನೋದು ಬೇರೆ ಯಾರಿಗೆ ಅರ್ಥ ಆಗದಿದ್ರೂ ತೋಟದವರಿಗೆ ಅರ್ಥ ಆಗಬೇಕು. ಡಬ್ಬಿ ಮನೆಯಲ್ಲೇ ಬಿಡಿ. ಬೇಳೆ, ಮೆಣಸಿನಪುಡಿ ಎಲ್ಲ ಅಲ್ಲಿ ಇಂಡಿಯನ್ ಅಂಗಡಿಯಲ್ಲಿ ಸಿಗ್ತದೆ.

ಇನ್ನೊಂದು, ನಮ್ಮವರು ಎಲ್ಲರೂ ಮಾಡೋ ತಪ್ಪು. ಹೋಗೋ ತಿಂಗಳು ಹುಬ್ಬಳ್ಳಿಗೆ ಹೋಗಿ ಹೊಸ ಮಿಕ್ಸಿ, ಹೊಸ ಪಾತ್ರೆ, ಹೊಸ ಬೆಡ್‌ಶೀಟು, ಎಲ್ಲ ಹೊಸದು ಕೊಂಡು ಪೆಟ್ಟಿಗೆ ತುಂಬೋದು. ಕಸ್ಟಮ್ಸ್ ಸುಂಕ ಬಿಡೋದು ಹಳೇದಕ್ಕೆ. ಆಸ್ಟ್ರೇಲಿಯಾದಲ್ಲಿ ನೀವು 12 ತಿಂಗಳಾದ್ರೂ ಇಟ್ಕೊಂಡು ಬಳಸಿರಬೇಕು, ಅಮೆರಿಕದಲ್ಲೂ ಮನೆ ಸಾಮಾನಿಗೆ ಒಂದು ವರ್ಷದ ಬಳಕೆ ಬೇಕು, ಇಂಗ್ಲೆಂಡಿಗೆ ಆದ್ರೆ 6 ತಿಂಗಳು, ಅಲ್ಲಿ ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ ಅಂತ ಆನ್‌ಲೈನ್ ಅರ್ಜಿ ಹಾಕಿ ಮೊದಲೇ ಮಂಜೂರಿ ತಗೊಂಡಿರಬೇಕು. ಬಳಸಿ ಬಳಸಿ ಕರೆಗಟ್ಟಿದ ಕುಕ್ಕರ್ ಸುಂಕ ಇಲ್ಲದೆ ದಾಟ್ತದೆ, ಪ್ಲಾಸ್ಟಿಕ್ ಬಿಚ್ಚದ ಕುಕ್ಕರ್‌ಗೆ ಟ್ಯಾಕ್ಸ್ ಬೀಳಬಹುದು. ಮಿಕ್ಸಿ ವಿಷ್ಯ ಬಂತಲ್ಲ, ಅಮೆರಿಕ ಕೆನಡಾಕ್ಕೆ ನಮ್ಮ ಮಿಕ್ಸಿ ಗ್ರೈಂಡರ್ ಒಯ್ಯಲೇಬೇಡಿ, ಅಲ್ಲಿ ಕರೆಂಟು 120 ವೋಲ್ಟ್ 60 ಹರ್ಟ್ಸ್, ನಮ್ದು 230 ವೋಲ್ಟ್ 50 ಹರ್ಟ್ಸ್.

ಮರದ ಸಾಮಾನು. ಇದನ್ನ ನಾನೇ ಕೂತು ಮಾಡಿದ್ದು, ಅದಕ್ಕೇ ಧೈರ್ಯವಾಗಿ ಹೇಳ್ತೇನೆ. ಅಜ್ಜನ ಕಾಲದ ಹಲಸಿನ ಮಣೆ ಎರಡು ಇತ್ತು, ತಂಗಿಗೆ ಬೇಕೇ ಬೇಕು. ಬಿಸಿಲಿಗಿಟ್ಟು ಅಡಿಭಾಗ ತಿರುಗಿಸಿ ನೋಡಿದ್ರೆ ಒಂದರಲ್ಲಿ ಸಾಸಿವೆ ಕಾಳಿನಷ್ಟು ಮೂರು ತೂತು, ಕೆಳಗೆ ಕಾಗದ ಹಾಸಿ ಮೆಲ್ಲಗೆ ತಟ್ಟಿದೆ, ಸಣ್ಣ ಹಿಟ್ಟಿನ ತರ ಪುಡಿ ಉದುರ್ತು. ಕುಟ್ಟೆ, ಮರ ಕೊರೆಯೋ ಹುಳ. ಆ ಮಣೆ ಇಲ್ಲೇ ಉಳೀತು, ಇನ್ನೊಂದು ಹೋಯ್ತು. ಪಟ್ಟಿಯಲ್ಲಿ ‘ಮರದ ಮಣೆ, ಹಲಸು, ಒಂದು’ ಅಂತ ನಾನೇ ಬರೆಸಿದ್ದೆ, ಅಲ್ಲಿ ಅದನ್ನ ತೆಗೆದು ನೋಡಿ ಹಾಗೇ ಬಿಟ್ರು. ಶೂ, ಮಕ್ಕಳ ಸೈಕಲ್ ಚಕ್ರ, ಕೊಡೆ ತುದಿ ಎಲ್ಲ ನಮ್ಮ ಕೆಂಪು ಮಣ್ಣು ಒಂದು ಚೂರೂ ಇರೋ ಹಂಗಿಲ್ಲ, ಶೂ ಅಡಿಯ ಗೆರೆಯೊಳಗಿನ ಮಣ್ಣು ಹಳೇ ಟೂತ್‌ಬ್ರಶ್ಶಲ್ಲಿ ತಿಕ್ಕಿ ತೆಗೀಬೇಕು. ಹುಲ್ಲು ತುಂಬಿ ಪ್ಯಾಕ್ ಮಾಡಬಾರದು, ಹಣ್ಣಿನದ್ದು, ಮೊಟ್ಟೆದ್ದು ಹಳೇ ರಟ್ಟಿನ ಪೆಟ್ಟಿಗೆ ಬೇಡ. ಮರದ ಕ್ರೇಟ್ ಮಾಡಿಸಿದ್ರೆ ಅದರ ಮೇಲೆ ಗೋಧಿ ತೆನೆ ಚಿತ್ರದ ಮುದ್ರೆ, ಪಕ್ಕಕ್ಕೆ ಐಎನ್, ಎಚ್‌ಟಿ ಅಂತ ಇದೆಯಾ ನೋಡಿ. ಐಎನ್ ಅಂದ್ರೆ ಭಾರತ, ಎಚ್‌ಟಿ ಅಂದ್ರೆ ಮರದ ತಿರುಳಿನ ತನಕ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಾರೆ ಅಂತ. ಮತ್ತೆ ದಯವಿಟ್ಟು ಶಿರಸಿ ಮಳೆಗಾಲದಲ್ಲಿ ಪ್ಯಾಕ್ ಮಾಡಬೇಡಿ, ತಂಗಿಯ ಎರಡು ಹಾಸಿಗೆ ಬೂಷ್ಟು ಹಿಡಿದೇ ತಲುಪಿದ್ದು.

ಎಲ್ಲರೂ ಆ ಕಡೆ ದೇಶದ ನಿಯಮನೇ ಹುಡುಕ್ತಾರೆ, ನಮ್ಮದೇ ದೇಶದ್ದು ಮರೀತಾರೆ. ನಮ್ಮ ಹಳೇ ಮನೆಗಳ ದೇವರ ಕೋಣೆ, ಅಟ್ಟ ನೆನಪು ಮಾಡ್ಕೊಳ್ಳಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆ ಸಾಮಾನು ಖಾಸಗಿಯವರು ಹೊರದೇಶಕ್ಕೆ ಒಯ್ಯೋ ಹಂಗಿಲ್ಲ, ಮಹತ್ವದ ಹಸ್ತಪ್ರತಿ ತಾಳೆಗರಿಗಾದ್ರೆ 75 ವರ್ಷಕ್ಕೇ ಈ ನಿಯಮ ಬರ್ತದೆ. ಅಷ್ಟು ಹಳೇದಲ್ಲ, ಆದ್ರೆ ನೋಡಿದ್ರೆ ಹಳೇದು ಅನ್ನಿಸ್ತದೆ ಅನ್ನೋದಾದ್ರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಇದು ಪುರಾತನ ವಸ್ತು ಅಲ್ಲ ಅನ್ನೋ ಸರ್ಟಿಫಿಕೇಟ್ ತಗೊಳ್ಳಿ. ಗೋಡೆ ಮೇಲಿನ ಜಿಂಕೆ ಕೊಂಬು, ನವಿಲುಗರಿ ಮುಟ್ಟಲೇ ಬೇಡಿ. ಬೀಟೆ ಮರ 2017ರಿಂದ ಸೈಟಿಸ್ ಪಟ್ಟಿಯಲ್ಲಿದೆ (ಅಪಾಯದಲ್ಲಿರೋ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕೋ ಅಂತಾರಾಷ್ಟ್ರೀಯ ಒಪ್ಪಂದ ಅದು), ಬೀಟೆ ಕುರ್ಚಿ ಒಯ್ಯೋ ಆಸೆ ಇದ್ರೆ ಮೊದಲು ವಿಚಾರಿಸಿ. ಗುಡಿಗಾರರ ಗಂಧದ ಕೆತ್ತನೆಗೆ ಅಂಗಡಿ ಬಿಲ್ ಇಟ್ಕೊಳ್ಳಿ. ಬಂಗಾರ ಪೆಟ್ಟಿಗೆಗೆ ಹಾಕೋದಲ್ಲ, ಮೈಮೇಲೆ ಹಾಕ್ಕೊಂಡು ಹೋಗೋವಾಗ ಏರ್‌ಪೋರ್ಟ್ ಕಸ್ಟಮ್ಸಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿದ್ರೆ ವಾಪಸ್ ಬರೋವಾಗ ನಮ್ಮ ಸರಕ್ಕೆ ನಾವೇ ಸುಂಕ ಕಟ್ಟೋ ಪ್ರಸಂಗ ಬರೋದಿಲ್ಲ.

ಇನ್ಶೂರೆನ್ಸ್ ಮಾಡಿಸೋವಾಗ ಒಂದು ಕೇಳಿ, ನಾವೇ ಕಟ್ಟಿದ ಪೆಟ್ಟಿಗೆಯೊಳಗೆ ಒಡೆದ್ರೆ ಕೊಡ್ತೀರಾ ಅಂತ. ತುಂಬ ಕಡೆ ಕೊಡೋದಿಲ್ಲ. ಅದಕ್ಕೆ ನಾನು ಹೇಳೋದು, ಕಟ್ಟೋದು ಅವರು ಕಟ್ಟಲಿ, ಬರೆಯೋದು ನಾವು. ಒಂದು ನೋಟ್‌ಬುಕ್, ಪ್ರತಿ ಪೆಟ್ಟಿಗೆಗೆ ನಂಬರ್, ಒಳಗಿನ ಒಂದೊಂದು ಸಾಮಾನಿನ ಹೆಸರು, ಯಾವ ವರ್ಷ ಕೊಂಡಿದ್ದು, ಈಗ ಎಷ್ಟು ಬೆಲೆ, ಮುಚ್ಚೋಕೆ ಮುಂಚೆ ಒಂದು ಫೋಟೋ. ಬೋರ್ ಕೆಲ್ಸನೇ, ನಾಲ್ಕು ದಿನ ಬೇಕು. ಮುಚ್ಚಳ ಇರೋ ಪ್ರತಿ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಕುಕ್ಕರ್‌ದೂ.

ನಮ್ಮ ಪಕ್ಕದ ಮನೆ ಹುಡುಗ ನವೆಂಬರ್‌ನಲ್ಲಿ ಟೊರಾಂಟೊಗೆ ಹೋಗ್ತಿದ್ದಾನೆ. ಕೆನಡಾದಲ್ಲಿ ಮೊದಲ ದಿನ ಇಳಿಯೋವಾಗಲೇ ಹಿಂದಿಂದ ಬರೋ ಸಾಮಾನಿನ ಪಟ್ಟಿ ಕೊಡಬೇಕು, ಸಾಮಾನು ಆರು ತಿಂಗಳ ನಂತ್ರ ಬಂದ್ರೂ ಪಟ್ಟಿ ಅವತ್ತೇ. ಅವನಿಗೆ ಅದು ಗೊತ್ತಿರಲಿಲ್ಲ, ಟಿಕೆಟ್ ಆಗಿದೆ, ಪಟ್ಟಿ ಶುರುನೇ ಆಗಿಲ್ಲ. ಇವತ್ತು ಸಂಜೆ ಅಳತೆ ಟೇಪು, ನೋಟ್‌ಬುಕ್ ಹಿಡ್ಕೊಂಡು ಅವರ ಮನೆಗೆ ಹೋಗ್ತಿದ್ದೇನೆ, ಅವನ ಅಮ್ಮನ ಹತ್ರ ಮೊದಲು ಕೂತು ಮಾತಾಡಬೇಕು. ಹಿಂಗೆ ಬರೆಯೋ ಪಟ್ಟಿಯ ನಮೂನೆ ಯಾರಿಗಾದ್ರೂ ಬೇಕಾದ್ರೆ ಇನ್‌ಬಾಕ್ಸ್‌ಗೆ ಬನ್ನಿ, ಕಳಿಸ್ತೇನೆ.